ನದಿ ಬತ್ತಿದ ಮೇಲೆ ಬಂದ ಸಕ್ಕರೆ ಕಾಯಿಲೆ

ಪ್ರಶ್ನೆ: ನಾನು ಪದವಿ ಕಾಲೇಜಿನಲ್ಲಿ ಸಮಾಜಶಾಸ್ತ್ರ ಕಲಿಸುತ್ತೇನೆ. ಅಮೆರಿಕ, ಆಸ್ಟ್ರೇಲಿಯಾ ಮತ್ತು ಪೆಸಿಫಿಕ್ ದ್ವೀಪಗಳ ಮೂಲನಿವಾಸಿಗಳಲ್ಲಿ ಮಧುಮೇಹ, ಬೊಜ್ಜು, ಮೂತ್ರಪಿಂಡದ ವೈಫಲ್ಯ ವಿಪರೀತವಾಗಿವೆ ಎಂದು ಓದಿದ್ದೇನೆ. ಪಾಶ್ಚಾತ್ಯ ಜೀವನಕ್ಕೆ ಒಗ್ಗದ ದೋಷ ಅವರ ವಂಶವಾಹಿಗಳಲ್ಲೇ ಇದೆಯೆಂದು ಕೆಲವರೂ, ಬಾಯಿಚಪಲ ಮತ್ತು ಸೋಮಾರಿತನ ಕಾರಣವೆಂದು ಕೆಲವರೂ ಹೇಳುತ್ತಾರೆ. ಯಾವುದು ನಿಜ? ಹಳೆಯ ಆಹಾರಕ್ರಮಕ್ಕೆ ಮರಳಿದರೆ ಈ ಕಾಯಿಲೆಗಳು ವಾಸಿಯಾಗುತ್ತವೆಯೇ?

ಉತ್ತರ: ನೀವು ಹೇಳಿರುವ ಎರಡೂ ವಿವರಣೆಗಳು ಕಾಯಿಲೆಯ ಮೂಲವನ್ನು ರೋಗಿಯ ಮೈಯಲ್ಲಿ ಇಲ್ಲವೇ ಅವನ ಸ್ವಭಾವದಲ್ಲಿ ಹುಡುಕುತ್ತವೆ. ಲಭ್ಯವಿರುವ ಪುರಾವೆಗಳು ಬೊಟ್ಟುಮಾಡುವುದು ಬೇರೆ ಕಡೆಗೆ. ಒಂದು ಸಮುದಾಯವು ತನ್ನ ನೆಲ, ನೀರು ಮತ್ತು ಅನ್ನದ ಮೇಲಿನ ಹಿಡಿತವನ್ನು ಕಳೆದುಕೊಂಡ ಕೆಲವೇ ತಲೆಮಾರುಗಳಲ್ಲಿ ಈ ಕಾಯಿಲೆಗಳು ಅಲ್ಲಿ ಬೇರೂರಿವೆ. ವಂಶವಾಹಿಗಳಿಗೆ ಇದರಲ್ಲಿ ಪಾಲಿಲ್ಲವೆಂದು ನಾನು ಹೇಳುತ್ತಿಲ್ಲ. ಪಾಲು ಇದೆ, ಆದರೆ ಅಷ್ಟರಿಂದಲೇ ಯಾರಿಗೂ ಕಾಯಿಲೆ ಬಂದಿಲ್ಲ. ಇದನ್ನು ಅತ್ಯಂತ ಸ್ಪಷ್ಟವಾಗಿ ತೋರಿಸಿಕೊಡುವವರು ಅಮೆರಿಕದ ಅರಿಜೋನಾ ರಾಜ್ಯದ ಪೀಮಾ ಜನ. ಆದ್ದರಿಂದ ಅವರ ಕಥೆಯನ್ನು ತುಸು ವಿವರವಾಗಿಯೇ ಹೇಳುತ್ತೇನೆ.

ತಮ್ಮನ್ನು ಅಕಿಮೆಲ್ ಓಓದಮ್, ಅಂದರೆ ನದಿಯ ಜನ, ಎಂದು ಕರೆದುಕೊಳ್ಳುವ ಪೀಮಾಗಳು ಶತಮಾನಗಳ ಕಾಲ ಹೀಲಾ ನದಿಯಿಂದ ಕಾಲುವೆ ತೆಗೆದು ಮರುಭೂಮಿಯಲ್ಲಿ ಬೇಸಾಯ ಮಾಡಿದವರು. ಮೆಕ್ಕೆಜೋಳ, ಬರ ತಡೆಯುವ ಟೆಪರಿ ಎಂಬ ಬೀನ್ಸ್ ಜಾತಿಯ ಕಾಳು, ಕುಂಬಳ, ಹತ್ತಿ ಅವರ ಬೆಳೆಗಳು. 19ನೇ ಶತಮಾನದ ನಡುವೆ ಚಿನ್ನ ಹುಡುಕಿಕೊಂಡು ಕ್ಯಾಲಿಫೋರ್ನಿಯಾಕ್ಕೆ ಹೊರಟ ಬಿಳಿಯರಿಗೆ ಗೋಧಿ ಮಾರುವಷ್ಟು ಸಮೃದ್ಧಿ ಅವರಲ್ಲಿತ್ತು. ಆ ಶತಮಾನದ ಕೊನೆಯ ದಶಕಗಳಲ್ಲಿ ಮೇಲ್ದಂಡೆಯಲ್ಲಿ ಬಂದು ನೆಲಸಿದವರು ನದಿಯ ನೀರನ್ನು ತಮ್ಮ ಹೊಲಗಳಿಗೆ ತಿರುಗಿಸಿಕೊಂಡರು. ಕೆಳಗಿನ ಕಾಲುವೆಗಳು ಒಣಗಿದವು, ಬೆಳೆ ಕೈಕೊಟ್ಟಿತು, ಊಟಕ್ಕೆ ತತ್ವಾರವಾಯಿತು. ಮಣ್ಣು ನಂಬಿ ಬದುಕಿದ್ದವರು ಸರ್ಕಾರದ ಪಡಿತರಕ್ಕೆ ಕೈಯೊಡ್ಡಬೇಕಾಯಿತು. ಆ ಪಡಿತರದಲ್ಲಿ ಇದ್ದದ್ದು ಬಿಳಿ ಹಿಟ್ಟು, ಸಕ್ಕರೆ ಮತ್ತು ಹಂದಿಕೊಬ್ಬು. ಇದೇ ಬಗೆಯ ಪಡಿತರವನ್ನು ಕಾದ ಕೊಬ್ಬಿನಲ್ಲಿ ಕರಿದು ಮಾಡಿದ ರೊಟ್ಟಿಯನ್ನು ಇಂದು ಅಲ್ಲಿನ ಬುಡಕಟ್ಟುಗಳ ಸಾಂಪ್ರದಾಯಿಕ ತಿನಿಸೆಂದು ಹೊರಗಿನವರು ಭಾವಿಸುತ್ತಾರೆ. ಅದು ಹುಟ್ಟಿದ್ದು ಸೆರೆಶಿಬಿರಗಳಲ್ಲಿ ಮತ್ತು ಮೀಸಲು ಪ್ರದೇಶಗಳ ಪಡಿತರದ ಸಾಲುಗಳಲ್ಲಿ.

20ನೇ ಶತಮಾನದ ಆರಂಭದ ವೈದ್ಯಕೀಯ ವರದಿಗಳಲ್ಲಿ ಪೀಮಾಗಳ ಮಧುಮೇಹ ಉಲ್ಲೇಖಕ್ಕೂ ಅಪರೂಪ. 1965ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಅಲ್ಲಿ ದೀರ್ಘಕಾಲದ ಅಧ್ಯಯನವನ್ನು ಆರಂಭಿಸುವ ಹೊತ್ತಿಗೆ, 35 ದಾಟಿದ ವಯಸ್ಕರಲ್ಲಿ ಅರ್ಧದಷ್ಟು ಮಂದಿಗೆ ಆ ಕಾಯಿಲೆ ತಗುಲಿತ್ತು. ಇಷ್ಟು ಕಡಿಮೆ ಅವಧಿಯಲ್ಲಿ ಒಂದು ಜನಾಂಗದ ವಂಶವಾಹಿಗಳು ಬದಲಾಗಲಾರವು. ಬದಲಾದದ್ದು ತಟ್ಟೆ ಮತ್ತು ದುಡಿಮೆ.

ಈ ಮಾತನ್ನು ಪರೀಕ್ಷಿಸಲು ಇತಿಹಾಸವೇ ಒಂದು ಅವಕಾಶ ಒದಗಿಸಿತ್ತು. ಮೆಕ್ಸಿಕೋದ ಸೊನೋರಾ ರಾಜ್ಯದ ಗುಡ್ಡಗಾಡಿನ ಮಾಯ್ಕೋಬಾ ಎಂಬ ಹಳ್ಳಿಯ ಸುತ್ತ ಪೀಮಾಗಳ ಇನ್ನೊಂದು ಕವಲು ಇದೆ. ಅವರು ಅರಿಜೋನಾದವರ ರಕ್ತಸಂಬಂಧಿಗಳು. ಆದರೆ ಅಧ್ಯಯನ ನಡೆದ ಕಾಲಕ್ಕೂ ಕೈಯಾರೆ ಬೇಸಾಯ ಮಾಡುತ್ತ, ಕಾಳು, ಮೆಕ್ಕೆಜೋಳದ ರೊಟ್ಟಿ, ಆಲೂಗೆಡ್ಡೆ ತಿಂದುಕೊಂಡಿದ್ದವರು. 2006ರಲ್ಲಿ ಪ್ರಕಟವಾದ ಹೋಲಿಕೆಯ ಪ್ರಕಾರ ಅರಿಜೋನಾದ ಪೀಮಾಗಳಲ್ಲಿ ಮಧುಮೇಹದ ಪ್ರಮಾಣ ಶೇಕಡಾ 38, ಮೆಕ್ಸಿಕೋದ ಪೀಮಾಗಳಲ್ಲಿ ಶೇಕಡಾ 6.9. ಬೊಜ್ಜಿನ ಅಂತರ ಇನ್ನೂ ದೊಡ್ಡದು: ಅರಿಜೋನಾದ ಗಂಡಸರಲ್ಲಿ ನೂರಕ್ಕೆ ಅರವತ್ತಕ್ಕೂ ಹೆಚ್ಚು ಮಂದಿ ಬೊಜ್ಜಿನವರು, ಮೆಕ್ಸಿಕೋದಲ್ಲಿ ಹತ್ತಕ್ಕಿಂತ ಕಡಿಮೆ. ಮೂಲದಲ್ಲಿ ಒಂದೇ ಜನ, ಗಡಿಯ ಆಚೀಚೆ ಇಷ್ಟು ವ್ಯತ್ಯಾಸ. ಮಾಯ್ಕೋಬಾದಲ್ಲಿಯೂ ಪೀಮಾಗಳ ಪ್ರಮಾಣ ನೆರೆಯ ಇತರ ಮೆಕ್ಸಿಕನ್ನರದಕ್ಕಿಂತ ತುಸು ಹೆಚ್ಚೇ ಇತ್ತೆಂಬುದನ್ನು ಇಲ್ಲಿ ಮುಚ್ಚಿಡಬಾರದು. ವಂಶವಾಹಿಯ ಪಾಲನ್ನು ಎಲ್ಲಿಯಾದರೂ ಹುಡುಕಬೇಕಾದರೆ ಆ ಸಣ್ಣ ಅಂತರದಲ್ಲಿ ಹುಡುಕಬೇಕು. ಏಳು ಮತ್ತು ಮೂವತ್ತೆಂಟರ ನಡುವಿನ ಕಂದರ ತೆರೆದದ್ದು ಬದುಕಿನ ಪರಿಸ್ಥಿತಿಯಿಂದ.

ವಂಶವಾಹಿಯ ವಾದಕ್ಕೂ ಒಂದು ಇತಿಹಾಸವಿದೆ. 1962ರಲ್ಲಿ ಜೇಮ್ಸ್ ನೀಲ್ ಎಂಬ ತಳಿವಿಜ್ಞಾನಿ, ಹಸಿವು ಮತ್ತು ಸುಭಿಕ್ಷಗಳ ಸರದಿಯಲ್ಲಿ ಬದುಕಿದ ಪೂರ್ವಿಕರಲ್ಲಿ ಆಹಾರವನ್ನು ಕೊಬ್ಬಾಗಿ ಕೂಡಿಡುವ ‘ಮಿತವ್ಯಯಿ’ ವಂಶವಾಹಿಗಳು ಉಳಿದು ಬಂದಿರಬಹುದು, ಸದಾ ಹೊಟ್ಟೆತುಂಬ ಸಿಗುವ ಕಾಲದಲ್ಲಿ ಅವೇ ಮುಳುವಾಗಿರಬಹುದು ಎಂಬ ಊಹೆಯನ್ನು ಮುಂದಿಟ್ಟ. ಅವನು ಅದನ್ನು ಮನುಷ್ಯರೆಲ್ಲರ ಬಗ್ಗೆ ಹೇಳಿದ್ದ. ಕಾಲಕ್ರಮೇಣ ಅದು ಮೂಲನಿವಾಸಿಗಳ ಕೊರಳಿಗೆ ಬಿದ್ದಿತು. ಅರವತ್ತು ವರ್ಷಗಳ ಹುಡುಕಾಟದಲ್ಲಿ ಅಂಥ ಸಾರ್ವತ್ರಿಕ ಮಿತವ್ಯಯಿ ವಂಶವಾಹಿ ಸಿಕ್ಕಿಲ್ಲ. ಸಿಕ್ಕಿರುವುದು ಬೇರೆ ಬೇರೆ ಸಮುದಾಯಗಳಲ್ಲಿ ಬೇರೆ ಬೇರೆ ಬಗೆಯ ರೂಪಾಂತರಗಳು, ಮತ್ತು ಅವು ಒಂದಕ್ಕೊಂದು ಹೊಂದುವುದೂ ಇಲ್ಲ. ಗ್ರೀನ್‌ಲ್ಯಾಂಡಿನ ಇನ್ಯುಯಿಟ್ ಜನರಲ್ಲಿ 2014ರಲ್ಲಿ ಗುರುತಿಸಿದ ಒಂದು ರೂಪಾಂತರವನ್ನು ತಂದೆತಾಯಿ ಇಬ್ಬರಿಂದಲೂ ಪಡೆದವರಿಗೆ ಮಧುಮೇಹದ ಅಪಾಯ ಸುಮಾರು ಹತ್ತು ಪಟ್ಟು. ಆದರೆ ಅದು ಕೊಬ್ಬು ಕೂಡಿಡುವ ವಂಶವಾಹಿಯಲ್ಲ. ಊಟದ ನಂತರ ರಕ್ತದ ಸಕ್ಕರೆಯನ್ನು ಸ್ನಾಯುಗಳು ಹೀರಿಕೊಳ್ಳುವುದನ್ನು ಅದು ತಡೆಯುತ್ತದೆ. ಸೀಲ್, ತಿಮಿಂಗಿಲ, ಮೀನು ತಿಂದು ಬದುಕುತ್ತಿದ್ದಾಗ ಸಕ್ಕರೆಯೇ ವಿರಳವಾಗಿದ್ದುದರಿಂದ ಆ ಕೊರತೆ ಯಾರಿಗೂ ತೊಂದರೆ ಕೊಟ್ಟಿರಲಾರದು. ಸಮೋವಾ ದ್ವೀಪದವರಲ್ಲಿ 2016ರಲ್ಲಿ ಕಂಡುಬಂದ ರೂಪಾಂತರವಂತೂ ಮೈತೂಕವನ್ನು ಏರಿಸುತ್ತದೆ, ಆದರೆ ಮಧುಮೇಹದ ಅಪಾಯವನ್ನು ತಗ್ಗಿಸುತ್ತದೆ! ಇವೆಲ್ಲವನ್ನೂ ‘ಬುಡಕಟ್ಟು ರಕ್ತ’ ಎಂಬ ಒಂದೇ ಚೀಲಕ್ಕೆ ತುಂಬುವುದು ವಿಜ್ಞಾನವಲ್ಲ.

ಈ ಚಿಂತನೆಯಿಂದ ಆದ ಹಾನಿಯನ್ನೂ ನಿಮ್ಮ ವಿದ್ಯಾರ್ಥಿಗಳಿಗೆ ಹೇಳಬೇಕೆಂದು ನನ್ನ ಕೋರಿಕೆ. ಗ್ರ್ಯಾಂಡ್ ಕ್ಯಾನಿಯನ್ ಕಮರಿಯೊಳಗೆ ವಾಸಿಸುವ ಹವಾಸುಪೈ ಜನ 1990ರಿಂದ ಆಚೆಗೆ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರಿಗೆ ಮಧುಮೇಹದ ಅಧ್ಯಯನಕ್ಕೆಂದು ನಂಬಿ ರಕ್ತ ಕೊಟ್ಟರು. ಅದೇ ರಕ್ತವನ್ನು ಸ್ಕಿಜೋಫ್ರೇನಿಯಾ ಎಂಬ ಮಾನಸಿಕ ಕಾಯಿಲೆ, ಒಳಸಂಬಂಧದ ಮದುವೆ, ಪೂರ್ವಿಕರ ವಲಸೆ ಮುಂತಾದ ವಿಷಯಗಳಿಗೂ ಅವರನ್ನು ಕೇಳದೆ ಬಳಸಿದ್ದು ವರ್ಷಗಳ ನಂತರ ಬಯಲಾಯಿತು. 2010ರಲ್ಲಿ ವಿಶ್ವವಿದ್ಯಾಲಯವು 7 ಲಕ್ಷ ಡಾಲರ್ ಪರಿಹಾರ ಕೊಟ್ಟು, ಉಳಿದಿದ್ದ ರಕ್ತದ ಮಾದರಿಗಳನ್ನು ಹಿಂತಿರುಗಿಸಿತು. ಕಾಯಿಲೆಗೆ ಪರಿಹಾರ ಕೇಳಿದವರಿಗೆ ಸಿಕ್ಕಿದ್ದು ಇದು.

ಇನ್ನು ಬಾಯಿಚಪಲ ಮತ್ತು ಸೋಮಾರಿತನದ ಮಾತು. ಈ ವಾದ ಮಾಡುವವರು ಸಾಮಾನ್ಯವಾಗಿ ಎತ್ತಿಕೊಳ್ಳುವ ಉದಾಹರಣೆ ನೌರು, ಏಕೆಂದರೆ ಅಲ್ಲಿ ಕಾಯಿಲೆಯ ಜೊತೆಗೆ ಬಂದದ್ದು ಬಡತನವಲ್ಲ, ಹಣ. ಪೆಸಿಫಿಕ್ ಸಾಗರದಲ್ಲಿ ಕೇವಲ 21 ಚದರ ಕಿಲೋಮೀಟರಿನ ಈ ದ್ವೀಪದಲ್ಲಿ 20ನೇ ಶತಮಾನದ ಮೊದಲ ದಶಕದಿಂದಲೇ ಪರದೇಶಿ ಕಂಪನಿಗಳು ಫಾಸ್ಫೇಟ್ ಅಗೆದು ಸಾಗಿಸತೊಡಗಿದವು. 1968ರಲ್ಲಿ ಸ್ವತಂತ್ರವಾದ ಮೇಲೆ ಆ ಆದಾಯ ದ್ವೀಪದವರ ಕೈಸೇರಿ, ಕೆಲಕಾಲ ನೌರು ತಲಾ ಆದಾಯದಲ್ಲಿ ಜಗತ್ತಿನ ಅತಿ ಶ್ರೀಮಂತ ದೇಶಗಳ ಸಾಲಿನಲ್ಲಿತ್ತು. 1970ರ ದಶಕದ ನಡುವೆ ಮಧುಮೇಹ ತಜ್ಞ ಪಾಲ್ ಜಿಮೆಟ್ ಮತ್ತು ಸಂಗಡಿಗರು ನಡೆಸಿದ ಸಮೀಕ್ಷೆಯಲ್ಲಿ ವಯಸ್ಕರ ಪೈಕಿ ಮೂರರಲ್ಲಿ ಒಬ್ಬರಿಗೆ ಮಧುಮೇಹ ಇರುವುದು ಕಂಡುಬಂತು. ಹಣ ಬಂದು ತಿಂದು ಕೊಬ್ಬಿದರು ಎಂದು ಹೇಳುವುದು ಸುಲಭ. ಆದರೆ ದ್ವೀಪದ ಒಡಲನ್ನು ಅಗೆದು ಬಗೆದ ಮೇಲೆ ಉಳಿದದ್ದು ಏನೂ ಬೆಳೆಯಲಾಗದ ಸುಣ್ಣಕಲ್ಲಿನ ಮೊನಚು ಕಂಬಗಳು ಮತ್ತು ಕರಾವಳಿಯ ಒಂದು ಕಿರಿದಾದ ಪಟ್ಟಿ. ಊಟವೆಂದರೆ ಹಡಗಿನಲ್ಲಿ ಬರುವ ಪಾಲಿಶ್ ಅಕ್ಕಿ, ಹಿಟ್ಟು, ಡಬ್ಬಿಯ ಮಾಂಸ, ಸಿಹಿ ಪಾನೀಯ. ಪೀಮಾಗಳು ಬಡವರಾದರು, ನೌರುವಿನವರು ಸಿರಿವಂತರಾದರು, ಎರಡೂ ಕಡೆ ಒಂದೇ ಕಾಯಿಲೆ ಬಂತು. ಎರಡು ಕಡೆಯೂ ಸಮಾನವಾಗಿದ್ದ ಸಂಗತಿಯೆಂದರೆ, ತಮ್ಮ ಅನ್ನವನ್ನು ತಾವೇ ದುಡಿದು ಪಡೆಯುವ ದಾರಿ ಮುಚ್ಚಿಹೋದದ್ದು.

ಮೈಯೊಳಗೆ ಏನಾಗುತ್ತದೆ ಎಂಬುದನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಕಾಳುಗಳ ಪಿಷ್ಟ ಕರುಳಿನಲ್ಲಿ ನಿಧಾನವಾಗಿ ಕರಗುತ್ತದೆ. ನುಣ್ಣಗೆ ಬೀಸಿದ ಬಿಳಿ ಹಿಟ್ಟು ಮತ್ತು ಸಕ್ಕರೆ ಬೇಗನೆ ರಕ್ತ ಸೇರುತ್ತವೆ, ಮೇದೋಜೀರಕ ಗ್ರಂಥಿ ಪ್ರತಿ ಸಲವೂ ಹೆಚ್ಚು ಇನ್ಸುಲಿನ್ ಸುರಿಸಬೇಕಾಗುತ್ತದೆ. ದುಡಿಯುವ ಸ್ನಾಯು ಆ ಸಕ್ಕರೆಯನ್ನು ಎಳೆದುಕೊಂಡು ಉರಿಸುತ್ತದೆ, ದುಡಿಮೆ ನಿಂತಾಗ ಅದು ಕೊಬ್ಬಾಗಿ ಯಕೃತ್ತಿನಲ್ಲೂ ಹೊಟ್ಟೆಯ ಸುತ್ತಲೂ ಜಮೆಯಾಗುತ್ತದೆ. ಕೊಬ್ಬು ತುಂಬಿದ ಯಕೃತ್ತು ಇನ್ಸುಲಿನ್ನಿನ ಮಾತು ಕೇಳುವುದಿಲ್ಲ. ವರ್ಷಗಟ್ಟಲೆ ಹೀಗಾದಾಗ ಗ್ರಂಥಿ ಸೋಲುತ್ತದೆ. ಉಪ್ಪಿನ ಕಥೆಯೂ ಇದಕ್ಕೆ ದೂರವಲ್ಲ: ಅಮೆಜಾನ್ ಕಾಡಿನಲ್ಲಿ ಉಪ್ಪನ್ನು ಸೇರಿಸದೆಯೇ ಉಣ್ಣುವ ಯಾನೊಮಾಮಿ ಜನರ ಸರಾಸರಿ ರಕ್ತದೊತ್ತಡ 95/61ರಷ್ಟಿದ್ದು, ವಯಸ್ಸಾದಂತೆ ಏರುವುದಿಲ್ಲವೆಂದು 1988ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಅಧ್ಯಯನ ತೋರಿಸಿತು. ವಯಸ್ಸಾದಂತೆ ಬಿಪಿ ಏರುವುದು ಸಹಜವೆಂಬ ನಮ್ಮ ನಂಬಿಕೆಯನ್ನೇ ಅದು ಅಲುಗಾಡಿಸುತ್ತದೆ.

ಈಗ ನಿಮ್ಮ ಎರಡನೆಯ ಪ್ರಶ್ನೆ, ಹಳೆಯ ಆಹಾರಕ್ಕೆ ಮರಳಿದರೆ ವಾಸಿಯಾದೀತೇ ಎಂಬುದು. ಇದಕ್ಕೆ ನೇರವಾಗಿ ಉತ್ತರಿಸುವ ಒಂದು ಪ್ರಯೋಗವಿದೆ. 1982ರಲ್ಲಿ ಕೆರಿನ್ ಓಡೀ ಎಂಬ ವಿಜ್ಞಾನಿ, ಪಶ್ಚಿಮ ಆಸ್ಟ್ರೇಲಿಯಾದ ಡರ್ಬಿ ಪಟ್ಟಣದ ಬಳಿಯ ಮೊವಾಂಜಮ್ ಎಂಬಲ್ಲಿ ನೆಲಸಿದ್ದ ಮಧುಮೇಹಿ ಮೂಲನಿವಾಸಿಗಳು ಹತ್ತು ಮಂದಿಯ ಜೊತೆ, ಅವರ ಪೂರ್ವಿಕರ ನೆಲಕ್ಕೆ ಹೋಗಿ ಏಳು ವಾರ ಇದ್ದರು. ದಾರಿ ತೋರಿದವರೂ ಆಹಾರ ಹುಡುಕಿದವರೂ ಆ ಮೂಲನಿವಾಸಿಗಳೇ. ಕರಾವಳಿಯಲ್ಲಿದ್ದಾಗ ಸಮುದ್ರದ ಮೀನು, ಹಕ್ಕಿ, ಕಾಂಗರೂ. ಒಳನಾಡಿನ ನದಿಯ ದಂಡೆಗೆ ಹೋದ ಮೇಲೆ ಸಿಹಿನೀರಿನ ಮೀನು, ಆಮೆ, ಮೊಸಳೆ, ಕಾಡುಗೆಣಸು, ಅತ್ತಿಯ ಜಾತಿಯ ಹಣ್ಣು, ಜೇನು. ದಿನಕ್ಕೆ ಸುಮಾರು 1,200 ಕ್ಯಾಲರಿ ಮಾತ್ರ ದಕ್ಕುತ್ತಿತ್ತು. ಮಾಂಸ ಹೆಚ್ಚಾಗಿದ್ದರೂ ಕಾಡುಪ್ರಾಣಿಗಳ ಮೈಯಲ್ಲಿ ಕೊಬ್ಬು ಕಡಿಮೆಯಾದ್ದರಿಂದ ಆಹಾರದ ಶಕ್ತಿಯಲ್ಲಿ ಕೊಬ್ಬಿನ ಪಾಲು ಶೇಕಡಾ 13 ಅಷ್ಟೇ. ಏಳು ವಾರಗಳಲ್ಲಿ ತಲಾ ಸರಾಸರಿ 8 ಕಿಲೋ ತೂಕ ಇಳಿಯಿತು. ಖಾಲಿ ಹೊಟ್ಟೆಯ ಸಕ್ಕರೆ ನಮ್ಮ ಲೆಕ್ಕದಲ್ಲಿ ಸರಾಸರಿ 209ರಿಂದ 119 ಮಿಲಿಗ್ರಾಮಿಗೆ ಬಂತು, ರಕ್ತದಲ್ಲಿನ ಟ್ರೈಗ್ಲಿಸರೈಡ್ ಎಂಬ ಕೊಬ್ಬು ಮೂರನೇ ಒಂದು ಭಾಗಕ್ಕಿಂತ ಕೆಳಗಿಳಿಯಿತು. ಮಧ್ಯವಯಸ್ಸಿನ ಮಧುಮೇಹಿಗಳ ರಕ್ತ ಇಷ್ಟು ಬೇಗ ತಿಳಿಯಾದದ್ದನ್ನು ನೋಡಿದರೆ, ಅವರ ದೇಹದಲ್ಲಿ ಸರಿಪಡಿಸಲಾಗದ ಹುಟ್ಟುದೋಷವಿದೆ ಎಂಬ ಮಾತಿಗೆ ಎಡೆಯೇ ಉಳಿಯುವುದಿಲ್ಲ.

ಆದರೂ ‘ಹಾಗಾದರೆ ಎಲ್ಲರೂ ಕಾಡಿಗೆ ಮರಳಲಿ’ ಎಂಬ ತೀರ್ಮಾನವನ್ನು ನಾನು ಒಪ್ಪಲಾರೆ. ಹಿಂದಿನ ಬದುಕು ರೋಗರಹಿತವಾಗಿರಲಿಲ್ಲ. ಸೋಂಕು, ಗಾಯ, ಹೆರಿಗೆಯಲ್ಲಿನ ಸಾವು, ಎಳೆಯ ಮಕ್ಕಳ ಸಾವು ಅಲ್ಲಿ ಸಾಮಾನ್ಯವಾಗಿದ್ದವು. ಅದಕ್ಕಿಂತ ದೊಡ್ಡ ತೊಡಕೆಂದರೆ, ಮರಳಲು ಆ ನೆಲ ಮೊದಲಿನಂತೆ ಉಳಿದಿಲ್ಲ. ಕೆನಡಾದ ಒಂಟಾರಿಯೋ ಪ್ರಾಂತ್ಯದ ಗ್ರ್ಯಾಸಿ ನ್ಯಾರೋಸ್ ಎಂಬ ಊರಿನ ಅನಿಶಿನಾಬೆ ಜನ ತಮ್ಮ ನದಿಯ ಮೀನನ್ನೇ ನಂಬಿದ್ದರು. 1962ರಿಂದ 1970ರವರೆಗೆ ಮೇಲ್ದಂಡೆಯ ಕಾರ್ಖಾನೆಯೊಂದು ಆ ನದಿಗೆ ಟನ್‌ಗಟ್ಟಲೆ ಪಾದರಸ ಹರಿಯಬಿಟ್ಟಿತು. ಮೀನು ವಿಷವಾಯಿತು, ಮೀನುಗಾರಿಕೆಯಿಂದ ಬರುತ್ತಿದ್ದ ಕೂಲಿಯೂ ನಿಂತಿತು. ಅಂಥ ಮನೆಯವರಿಗೆ ಸಾಂಪ್ರದಾಯಿಕ ಆಹಾರ ತಿನ್ನಿರೆಂದು ಉಪದೇಶಿಸುವುದು ಕ್ರೌರ್ಯ. ಇನ್ನೊಂದು ಎಚ್ಚರಿಕೆ: ಮೇಲೆ ಹೇಳಿದ ಪ್ರಯೋಗ ತಜ್ಞರ ನಿಗಾದಲ್ಲಿ ನಡೆದದ್ದು. ಅದನ್ನು ಓದಿ ಯಾವ ಮಧುಮೇಹಿಯೂ ತಾನಾಗಿಯೇ ಮಾತ್ರೆ ಅಥವಾ ಇನ್ಸುಲಿನ್ ನಿಲ್ಲಿಸಬಾರದು.

ಹಾಗಾದರೆ ದಾರಿ ಯಾವುದು? ಆಹಾರ, ನೀರು ಮತ್ತು ಚಿಕಿತ್ಸೆಯ ಆಡಳಿತ ಆ ಸಮುದಾಯಗಳ ಕೈಗೆ ಮರಳಿದ ಕಡೆಗಳಲ್ಲಿ ಫಲ ಕಂಡಿದೆ. ಅಮೆರಿಕದ ಸಂಸತ್ತು 1997ರಲ್ಲಿ ಮೂಲನಿವಾಸಿಗಳಿಗೆಂದೇ ಮಧುಮೇಹದ ವಿಶೇಷ ಕಾರ್ಯಕ್ರಮವೊಂದನ್ನು ಆರಂಭಿಸಿತು. ಬುಡಕಟ್ಟುಗಳೇ ತಮ್ಮ ಊರಿಗೆ ಬೇಕಾದ ಸೇವೆಯನ್ನು ರೂಪಿಸಿಕೊಳ್ಳಲು ಅದರಲ್ಲಿ ಅವಕಾಶವಿತ್ತು. ಸಕ್ಕರೆ ಮತ್ತು ಬಿಪಿಯ ಹತೋಟಿ, ಮೂತ್ರಪಿಂಡಗಳನ್ನು ಕಾಯುವ ಮಾತ್ರೆಗಳು, ನಿಯಮಿತ ಪರೀಕ್ಷೆ, ಮನೆಗೆ ಬರುವ ಕಾರ್ಯಕರ್ತರು, ಇವೆಲ್ಲ ಒಂದೇ ತಂಡದ ಹೊಣೆಯಾದವು. 1996ರಿಂದ 2013ರ ನಡುವೆ ಅವರಲ್ಲಿ ಮಧುಮೇಹದಿಂದ ಮೂತ್ರಪಿಂಡ ಪೂರ್ತಿ ಕೈಕೊಡುವ ಪ್ರಕರಣಗಳ ದರ ಶೇಕಡಾ 54ರಷ್ಟು ಇಳಿಯಿತು. ಆ ಅವಧಿಯಲ್ಲಿ ಅವರ ವಂಶವಾಹಿ ಬದಲಾಗಲಿಲ್ಲ, ಬಡತನವೂ ಪೂರ್ತಿ ನೀಗಲಿಲ್ಲ. ಒಳ್ಳೆಯ ಚಿಕಿತ್ಸೆ ತಲುಪಿತು, ಅಷ್ಟೇ. ಸಾರ್ವಜನಿಕ ಆರೋಗ್ಯದಲ್ಲಿ ಇದಕ್ಕಿಂತ ಆಶಾದಾಯಕವಾದ ಅಂಕಿ ನನಗೆ ಹೆಚ್ಚು ಗೊತ್ತಿಲ್ಲ.

ಆಸ್ಟ್ರೇಲಿಯಾದ ಪಿಂಟುಪಿ ಜನರದು ಇನ್ನೊಂದು ಬಗೆ. ಮರುಭೂಮಿಯ ಕಿಂಟೋರ್‌ನಂಥ ಊರುಗಳಲ್ಲಿ ಮೂತ್ರಪಿಂಡ ಸೋತವರು ಡಯಾಲಿಸಿಸ್‌ಗಾಗಿ ಐನೂರು ಕಿಲೋಮೀಟರಿಗೂ ದೂರದ ಆಲಿಸ್ ಸ್ಪ್ರಿಂಗ್ಸ್ ಪಟ್ಟಣಕ್ಕೆ ಹೋಗಿ, ಬಂಧುಬಳಗ, ನೆಲ, ವಿಧಿಗಳೆಲ್ಲವನ್ನೂ ಬಿಟ್ಟು ಅಲ್ಲಿಯೇ ಸಾಯಬೇಕಿತ್ತು. 2000ದಲ್ಲಿ ಅವರ ಚಿತ್ರಕಾರರು ಒಟ್ಟಾಗಿ ಬರೆದ ಚಿತ್ರಗಳನ್ನು ಸಿಡ್ನಿಯಲ್ಲಿ ಹರಾಜಿಗಿಟ್ಟರು. ಹತ್ತು ಲಕ್ಷ ಡಾಲರಿಗೂ ಹೆಚ್ಚು ಹಣ ಬಂತು. ಅದರಿಂದ ಕಟ್ಟಿದ ಸಂಸ್ಥೆ ಇಂದು ಪರ್ಪಲ್ ಹೌಸ್ ಎಂಬ ಹೆಸರಿನಲ್ಲಿ ದೂರದ ಊರುಗಳಲ್ಲೇ ಡಯಾಲಿಸಿಸ್ ಯಂತ್ರಗಳನ್ನು ನಡೆಸುತ್ತಿದೆ. ಅಮೆರಿಕದ ನವಾಹೋ ರಾಷ್ಟ್ರ 2014ರಲ್ಲಿ ತನ್ನದೇ ಕಾನೂನು ಮಾಡಿ, ಪೋಷಕಾಂಶವಿಲ್ಲದ ತಿಂಡಿ ಮತ್ತು ಸಿಹಿ ಪಾನೀಯಗಳ ಮೇಲೆ ಶೇಕಡಾ 2ರ ಹೆಚ್ಚುವರಿ ತೆರಿಗೆ ಹಾಕಿ, ತಾಜಾ ಹಣ್ಣು ತರಕಾರಿಗಳ ಮೇಲಿದ್ದ ಮಾರಾಟ ತೆರಿಗೆಯನ್ನು ತೆಗೆದುಹಾಕಿತು. ಪೀಮಾಗಳ ನೀರಿನ ಹಕ್ಕಿಗೆ 2004ರಲ್ಲಿ ಕಾನೂನಿನ ಮನ್ನಣೆ ದೊರಕಿ, ಕಾಲುವೆಗಳಿಗೆ ನೀರು ಹಂತಹಂತವಾಗಿ ಮರಳುತ್ತಿದೆ. ಅಲ್ಲಿ ಟೆಪರಿ ಕಾಳನ್ನು ಮತ್ತೆ ಬಿತ್ತುತ್ತಿದ್ದಾರೆ.

ಫಲ ಏಕೆ ತಡವಾಗುತ್ತದೆ ಎಂಬುದಕ್ಕೂ ಪೀಮಾಗಳ ಅಧ್ಯಯನದಲ್ಲೇ ಉತ್ತರವಿದೆ. ಒಂದೇ ತಾಯಿಯ ಮಕ್ಕಳನ್ನು ಹೋಲಿಸಿದಾಗ, ಆಕೆಗೆ ಮಧುಮೇಹ ಬರುವ ಮೊದಲು ಹುಟ್ಟಿದ ಮಕ್ಕಳಿಗಿಂತ ಬಂದ ನಂತರ ಹುಟ್ಟಿದವರಿಗೆ ಮುಂದೆ ಆ ಕಾಯಿಲೆ ಬರುವ ಸಾಧ್ಯತೆ ಮೂರು ಪಟ್ಟಿಗೂ ಹೆಚ್ಚು ಎಂದು 2000ದಲ್ಲಿ ವರದಿಯಾಯಿತು. ತಂದೆತಾಯಿ ಅವರೇ, ಮನೆ ಅದೇ. ಬೇರೆಯಾದದ್ದು ಗರ್ಭದೊಳಗೆ ಮಗುವಿಗೆ ತಲುಪಿದ ಸಕ್ಕರೆ. ಹೀಗೆ ಅಜ್ಜಿಯ ಕಾಲದಲ್ಲಿ ಬತ್ತಿದ ನದಿಯ ಪರಿಣಾಮ ಮೊಮ್ಮಗಳ ಮೈಯಲ್ಲೂ ಕಾಣಿಸಿಕೊಳ್ಳುತ್ತದೆ. ಹೊರಗಿನಿಂದ ನೋಡುವವರಿಗೆ ಇದು ವಂಶವಾಹಿಯ ದೋಷದಂತೆಯೇ ತೋರುತ್ತದೆ, ಏಕೆಂದರೆ ಕಾಯಿಲೆ ಕುಟುಂಬದಲ್ಲಿ ಇಳಿದು ಬರುತ್ತಿರುತ್ತದೆ. ಆದರೆ ಈ ಸರಣಿಯನ್ನು ಮುರಿಯುವ ಜಾಗ ವೈದ್ಯರ ಕೈಗೆಟಕುವಂಥದ್ದು: ಗರ್ಭ ನಿಲ್ಲುವ ಮೊದಲೇ ಹೆಣ್ಣುಮಕ್ಕಳ ಸಕ್ಕರೆ ಪರೀಕ್ಷೆ, ಗರ್ಭಿಣಿಯಾದಾಗ ಬಿಗಿಯಾದ ಹತೋಟಿ, ಹೆರಿಗೆಯ ನಂತರ ಎದೆಹಾಲು. ಮೊದಲ ಎರಡು ತಿಂಗಳು ಎದೆಹಾಲನ್ನು ಮಾತ್ರ ಕುಡಿದ ಪೀಮಾ ಮಕ್ಕಳಲ್ಲಿ, ಬಾಟಲಿಯ ಹಾಲನ್ನೇ ಕುಡಿದವರಿಗಿಂತ ಮಧುಮೇಹ ಗಣನೀಯವಾಗಿ ಕಡಿಮೆಯಿತ್ತೆಂದು 1997ರಲ್ಲೇ ಗೊತ್ತಾಗಿದೆ. ಆದ್ದರಿಂದ ಈ ಸಮುದಾಯಗಳಿಗೆಂದು ಮೀಸಲಾಗುವ ಹಣದ ಮೊದಲ ಪಾಲು ಹದಿಹರೆಯದ ಹುಡುಗಿಯರ ಮತ್ತು ಬಸುರಿಯರ ಆರೈಕೆಗೆ ಹೋಗಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.